ಯೂಕಿ ಕವಾವುಚಿ: ಮಧ್ಯಾಹ್ನ ಆಫೀಸು, ಭಾನುವಾರ ರೇಸು

ತುಮಕೂರಿನ ಒಂದು ಸರ್ಕಾರಿ ಪದವಿಪೂರ್ವ ಕಾಲೇಜಿನ ಆಫೀಸಿನಲ್ಲಿ ನಾನು ಪ್ರಥಮ ದರ್ಜೆ ಸಹಾಯಕಿ. ಅಡ್ಮಿಷನ್ ಫೀಸು, ಸಂಬಳದ ಬಿಲ್ಲು, ಟಿ.ಸಿ., ಸ್ಕಾಲರ್‌ಶಿಪ್ ಅರ್ಜಿ, ಬೆಂಚು ಮುರಿದರೆ ರಿಪೇರಿಗೆ ಕೊಟೇಷನ್. ಇದು ನನ್ನ ದಿನ. ಬೆಳಕು ಹರಿಯುವ ಹೊತ್ತಿಗೆ ಅಮಾನಿಕೆರೆ ಕಡೆ ಓಡಿ ಬಂದು, ತಿಂಡಿ ಮಾಡಿಟ್ಟು, ಆಫೀಸಿಗೆ ಹೊರಡುತ್ತೇನೆ. ನನ್ನ ಮೇಜಿನ ಗಾಜಿನ ಕೆಳಗೆ ಒಬ್ಬ ಜಪಾನಿ ಓಟಗಾರನ ಫೋಟೋ ಇದೆ. ಮಳೆಯಲ್ಲಿ ತೊಯ್ದು, ಮುಖ ಕಿವುಚಿಕೊಂಡು ಓಡುತ್ತಿರುವ ಫೋಟೋ. ಟಿ.ಸಿ. ತೆಗೆದುಕೊಳ್ಳಲು ಬಂದ ಹುಡುಗರು "ಇವ್ರು ಯಾರು ಮೇಡಂ?" ಅಂತ ಕೇಳುತ್ತಾರೆ. "ನಮ್ಮ ಥರಾನೇ ಒಬ್ರು ಸ್ಕೂಲ್ ಆಫೀಸಲ್ಲಿ ಕೆಲಸ ಮಾಡ್ತಿದ್ರು ಕಣಪ್ಪಾ, ಬಾಸ್ಟನ್ ಮ್ಯಾರಥಾನ್ ಗೆದ್ದಿದ್ದಾರೆ" ಅನ್ನುತ್ತೇನೆ. ಯಾರೂ ನಂಬುವುದಿಲ್ಲ.

ಅದಕ್ಕೇ ಇವತ್ತು ಯೂಕಿ ಕವಾವುಚಿ ಬಗ್ಗೆ ಪೂರ್ತಿ ಬರೆದುಬಿಡೋಣ ಅನ್ನಿಸಿತು. ಕೀನ್ಯಾದ ಮ್ಯಾರಥಾನ್ ಓಟಗಾರ ಕಿಪ್ಚೊಗೆ ಬಗ್ಗೆ ಎಲ್ಲರಿಗೂ ಗೊತ್ತು. ಬೆಂಗಳೂರಿನ ಓಟಗಾರರ ಟೀ ಶರ್ಟ್ ಮೇಲೂ ಅವರ ಮಾತುಗಳಿರುತ್ತವೆ. ಕವಾವುಚಿ ಅಷ್ಟು ವೇಗದ ಓಟಗಾರರಲ್ಲ. ಒಲಿಂಪಿಕ್ಸ್‌ನಲ್ಲಿ ಒಂದು ಸಲವೂ ಓಡಿಲ್ಲ. ಆದರೆ ದಿನಕ್ಕೆ ಎಂಟು ಗಂಟೆ ಕೆಲಸ ಮಾಡುವ ಮನುಷ್ಯ ಎಲ್ಲಿಯ ತನಕ ಹೋಗಬಹುದು ಅಂತ ತಿಳಿಯಬೇಕಾದರೆ ಇವರನ್ನೇ ನೋಡಬೇಕು.

ಅವರು ಹುಟ್ಟಿದ್ದು 1987ರ ಮಾರ್ಚ್ 5ರಂದು, ಟೋಕಿಯೊದಲ್ಲಿ. ಬೆಳೆದಿದ್ದು ಪಕ್ಕದ ಸೈತಾಮ ಪ್ರಾಂತ್ಯದಲ್ಲಿ. ಮೂವರು ಗಂಡುಮಕ್ಕಳಲ್ಲಿ ದೊಡ್ಡವರು. ತಮ್ಮಂದಿರೂ ಓಟಗಾರರೇ. ಓಟ ಕಲಿಸಿದ್ದು ಅಮ್ಮ. ಪ್ರೈಮರಿ ಶಾಲೆಯ ಮಗನನ್ನು ಪಾರ್ಕಿಗೆ ಕರೆದುಕೊಂಡು ಹೋಗಿ, ಸಮಯ ಅಳೆದು ಓಡಿಸುತ್ತಿದ್ದರು. ಹಿಂದಿನ ಸಮಯಕ್ಕಿಂತ ಬೇಗ ಮುಗಿಸಿದರೆ ಏನಾದರೂ ತಿನ್ನಲು, ಕುಡಿಯಲು ಸಿಗುತ್ತಿತ್ತು. ನಿಧಾನವಾದರೆ ಜಾಸ್ತಿ ಸುತ್ತು. ಓದಿದಾಗ ನನಗೆ ಸ್ವಲ್ಪ ಕಸಿವಿಸಿ ಆಯಿತು, ಸುಳ್ಳು ಹೇಳುವುದಿಲ್ಲ. ಅಷ್ಟು ಚಿಕ್ಕ ಮಗುವಿಗೆ ಅಷ್ಟು ಕಟ್ಟುನಿಟ್ಟು ಬೇಕಿತ್ತಾ? ಆದರೆ ರೇಸಿನಲ್ಲಿ ಕೊನೆಯ ಹನಿ ಶಕ್ತಿಯನ್ನೂ ಖರ್ಚು ಮಾಡಿ, ಗೆರೆ ದಾಟಿದ ಮೇಲೆ ಕುಸಿದು ಬೀಳುವ ಅವರ ಅಭ್ಯಾಸ ಎಲ್ಲಿಂದ ಬಂತು ಅಂತ ಕೇಳಿದರೆ, ಆ ಪಾರ್ಕಿನಿಂದಲೇ ಅಂತ ನನ್ನ ನಂಬಿಕೆ.

ಹೈಸ್ಕೂಲಿನಲ್ಲಿ ಕಾಲಿಗೆ ಮೇಲಿಂದ ಮೇಲೆ ಪೆಟ್ಟು. ಹೇಳಿಕೊಳ್ಳುವಂಥ ಫಲಿತಾಂಶ ಬರಲಿಲ್ಲ. ಜಪಾನಿನಲ್ಲಿ ಇದು ದೊಡ್ಡ ಹಿನ್ನಡೆ. ಯಾಕೆ ಅಂತ ಸ್ವಲ್ಪ ವಿವರಿಸುತ್ತೇನೆ.

ಅಲ್ಲಿ ದೂರದ ಓಟಕ್ಕೆ ಒಂದು ಸಿದ್ಧ ದಾರಿ ಇದೆ. ಹೈಸ್ಕೂಲಿನಲ್ಲಿ ಚೆನ್ನಾಗಿ ಓಡಿದವರನ್ನು ಓಟಕ್ಕೆ ಹೆಸರಾದ ವಿಶ್ವವಿದ್ಯಾಲಯಗಳು ಸೇರಿಸಿಕೊಳ್ಳುತ್ತವೆ. ಅವುಗಳ ಗುರಿ ಹಕೊನೆ ಎಕಿಡೆನ್. ಜನವರಿ 2 ಮತ್ತು 3ರಂದು ಟೋಕಿಯೊದಿಂದ ಹಕೊನೆ ಬೆಟ್ಟಕ್ಕೆ ಹೋಗಿ ವಾಪಸ್ ಬರುವ, ಹತ್ತು ಹಂತಗಳ ರಿಲೇ ಓಟ ಅದು. ಇಡೀ ದೇಶ ಹೊಸ ವರ್ಷದ ರಜೆಯಲ್ಲಿ ಟಿವಿ ಮುಂದೆ ಕೂತು ನೋಡುತ್ತದೆ. ಅಲ್ಲಿ ಮಿಂಚಿದವರನ್ನು ದೊಡ್ಡ ಕಂಪನಿಗಳು ತಮ್ಮ ತಂಡಕ್ಕೆ ಕೆಲಸಗಾರರಾಗಿ ತೆಗೆದುಕೊಳ್ಳುತ್ತವೆ. ಹೆಸರಿಗೆ ಕಂಪನಿಯ ನೌಕರ, ಮುಖ್ಯ ಕೆಲಸ ಓಟ. ಹಾಸ್ಟೆಲ್, ಕೋಚ್, ಫಿಸಿಯೋ, ಊಟ ಎಲ್ಲವನ್ನೂ ಕಂಪನಿ ನೋಡಿಕೊಳ್ಳುತ್ತದೆ. ನಮ್ಮಲ್ಲಿ ಸೇನೆ, ರೈಲ್ವೆ, ಪೊಲೀಸ್ ಇಲಾಖೆಗಳು ಕ್ರೀಡಾ ಕೋಟಾದಲ್ಲಿ ಓಟಗಾರರನ್ನು ಸಾಕುತ್ತವಲ್ಲ, ಅದರ ಇನ್ನೂ ದೊಡ್ಡ ರೂಪ ಅಂತ ಇಟ್ಟುಕೊಳ್ಳಿ. ನಮ್ಮ ದೇಶದ ಒಳ್ಳೆಯ ಮ್ಯಾರಥಾನ್ ಓಟಗಾರರು ಬಹುಪಾಲು ಆ ದಾರಿಯಲ್ಲೇ ಬಂದವರು. 1978ರಲ್ಲಿ ಜಲಂಧರ್‌ನಲ್ಲಿ 2:12:00 (ಅಂದರೆ 2 ಗಂಟೆ 12 ನಿಮಿಷ) ಓಡಿ, ದಶಕಗಟ್ಟಲೆ ಉಳಿದ ರಾಷ್ಟ್ರೀಯ ದಾಖಲೆ ಮಾಡಿದ ಶಿವನಾಥ್ ಸಿಂಗ್ ಸೇನೆಯವರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 25ನೆಯವರಾದ ಟಿ. ಗೋಪಿ ಕೂಡ ಸೇನೆಯವರೇ.

ಕವಾವುಚಿಗೆ ಈ ದಾರಿ ಮೊದಲ ಮೆಟ್ಟಿಲಲ್ಲೇ ಮುಚ್ಚಿತು. ಅವರು ಸೇರಿದ್ದು ಗಾಕುಶುಯಿನ್ ವಿಶ್ವವಿದ್ಯಾಲಯ. ರಾಜಮನೆತನದವರು ಓದಿದ ಜಾಗ ಅಂತ ಅದಕ್ಕೆ ಹೆಸರು, ಓಟಕ್ಕಲ್ಲ. ಅಲ್ಲಿ ಅವರಿಗೆ ಸಿಕ್ಕ ಕೋಚ್ ಒಂದು ಮುಖ್ಯ ವಿಷಯ ಹೇಳಿಕೊಟ್ಟರು. ವಾರಕ್ಕೆ ಎರಡು ದಿನ ಮಾತ್ರ ಜೋರಾಗಿ ಓಡು, ಮಿಕ್ಕ ದಿನ ನಿಧಾನ. ಹೈಸ್ಕೂಲಿನಲ್ಲಿ ದಿನವೂ ಜೋರಾಗಿ ಓಡಿ ಕಾಲು ಹಾಳುಮಾಡಿಕೊಂಡಿದ್ದ ಹುಡುಗ ಇದರಿಂದ ಚೇತರಿಸಿಕೊಂಡರು. ಅವರ ವಿಶ್ವವಿದ್ಯಾಲಯದ ತಂಡ ಹಕೊನೆಗೆ ಅರ್ಹತೆ ಪಡೆಯಲಿಲ್ಲ. ಆದರೆ ಅರ್ಹತೆ ಸಿಗದ ಕಾಲೇಜುಗಳ ಆಯ್ದ ಓಟಗಾರರಿಗೆ ಅಂತ ಒಂದು ತಂಡ ಇರುತ್ತದೆ. ಅದರಲ್ಲಿ 2007 ಮತ್ತು 2009ರಲ್ಲಿ ಬೆಟ್ಟ ಇಳಿಯುವ ಆರನೇ ಹಂತ ಓಡಿದರು. ಎರಡನೇ ಸಲ ಆ ಹಂತದಲ್ಲಿ ಮೂರನೇ ವೇಗದ ಸಮಯ ಅವರದ್ದು.

2009ರಲ್ಲಿ ಪದವಿ ಮುಗಿಯಿತು. ಸೈತಾಮ ಪ್ರಾಂತ್ಯದ ಸರ್ಕಾರಿ ಕೆಲಸ ಸಿಕ್ಕಿತು. ಕಸುಕಾಬೆ ಎಂಬ ಊರಿನ ಹೈಸ್ಕೂಲಿನ ಸಂಜೆ ವಿಭಾಗದ ಆಫೀಸಿಗೆ ಹಾಕಿದರು. ಮಧ್ಯಾಹ್ನ ಒಂದು ಗಂಟೆ ಹತ್ತಿರ ಶುರುವಾಗಿ ರಾತ್ರಿ ಒಂಬತ್ತು ದಾಟುವವರೆಗೆ ಡ್ಯೂಟಿ. ಸರ್ಕಾರಿ ನೌಕರ ಆದ್ದರಿಂದ ಬೇರೆ ಕಡೆ ಸಂಬಳ, ಪ್ರಾಯೋಜಕತ್ವ ತೆಗೆದುಕೊಳ್ಳುವಂತಿಲ್ಲ. ನಮ್ಮ ನಡತೆ ನಿಯಮಗಳು ಇದ್ದಂತೆಯೇ. ಕೋಚ್ ಇಲ್ಲ, ತಂಡ ಇಲ್ಲ.

ಈಗ ನನಗೆ ತುಂಬ ಇಷ್ಟವಾದ ಭಾಗ. ಅವರ ತಯಾರಿ.

ಕಂಪನಿ ತಂಡದ ಓಟಗಾರರು ದಿನಕ್ಕೆ ಎರಡು ಸಲ ಓಡುತ್ತಾರೆ. ತಿಂಗಳಿಗೆ ಸಾವಿರ ಕಿಲೋಮೀಟರ್ ದಾಟುವುದು ಅಲ್ಲಿ ಮಾಮೂಲು. ಕವಾವುಚಿ ಓಡುತ್ತಿದ್ದುದು ದಿನಕ್ಕೆ ಒಂದೇ ಸಲ, ಬೆಳಿಗ್ಗೆ. ತಿಂಗಳಿಗೆ ಆರುನೂರರ ಆಸುಪಾಸು. ಬುಧವಾರ ವೇಗದ ಓಟ. ವಾರದ ಮಿಕ್ಕ ದಿನ ನಿಧಾನ ಜಾಗಿಂಗ್. ಶನಿವಾರ, ಭಾನುವಾರ ಬಂತು ಅಂದರೆ ಉದ್ದದ ಓಟ, ಇಲ್ಲವೇ ಎಲ್ಲಾದರೂ ರೇಸು.

ಈ ರೇಸುಗಳ ಬಗ್ಗೆಯೇ ಜನ ತಪ್ಪು ತಿಳಿದಿದ್ದಾರೆ. ಎಲೀಟ್ ಓಟಗಾರರು ಸಾಮಾನ್ಯವಾಗಿ ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರು ಮ್ಯಾರಥಾನ್ ಓಡುತ್ತಾರೆ. ಕವಾವುಚಿ 2013ರಲ್ಲಿ ಓಡಿದ್ದು 11. ಜೊತೆಗೆ ಹಾಫ್ ಮ್ಯಾರಥಾನ್‌ಗಳು ಬೇರೆ. "ಹುಚ್ಚು", "ಪ್ರಚಾರದ ಆಸೆ", "ಕಾಲು ಉಳಿಯೋದಿಲ್ಲ" ಅಂತ ಅಂದವರಿಗೆ ಲೆಕ್ಕವಿಲ್ಲ. ನನಗೆ ಹಾಗೆ ಅನ್ನಿಸುವುದಿಲ್ಲ. ಮ್ಯಾರಥಾನ್ ವೇಗದಲ್ಲಿ ಮೂವತ್ತು ಕಿಲೋಮೀಟರ್ ಒಬ್ಬರೇ ಓಡಿ ನೋಡಿದವರಿಗೆ ಗೊತ್ತು, ಅದು ಎಷ್ಟು ಕಷ್ಟ ಅಂತ. ಜೊತೆಗಾರ ಬೇಕು. ನೀರು ಕೊಡುವವರು ಬೇಕು. ವಾಹನ ಇಲ್ಲದ ರಸ್ತೆ ಬೇಕು. ಸಮಯ ಹೇಳುವವರು ಬೇಕು. ಕಂಪನಿ ತಂಡದಲ್ಲಿ ಇವೆಲ್ಲ ಸಿಗುತ್ತವೆ. ಕವಾವುಚಿಗೆ ಇವೆಲ್ಲ ಸಿಗುತ್ತಿದ್ದುದು ಒಂದೇ ಜಾಗದಲ್ಲಿ, ರೇಸಿನಲ್ಲಿ. ಹಾಗಾಗಿ ರೇಸನ್ನೇ ತಯಾರಿ ಮಾಡಿಕೊಂಡರು. ಅವರು ಜಾಸ್ತಿ ರೇಸು ಓಡಿದರು ಅನ್ನುವುದಕ್ಕಿಂತ, ಊರೂರಿನ ರೇಸುಗಳನ್ನು ತಮ್ಮ ತಂಡ ಮಾಡಿಕೊಂಡರು ಅನ್ನಬೇಕು. ಅವರ ಇಡೀ ವೃತ್ತಿಜೀವನ ನನಗೆ ಅರ್ಥವಾದದ್ದು ಇಲ್ಲಿಂದ.

ಆಫೀಸು ಇದ್ದೂ ಓಡಿದರು ಅಂತ ಎಲ್ಲರೂ ಬರೆಯುತ್ತಾರೆ. ನಾನು ಒಪ್ಪುವುದಿಲ್ಲ. ಆಫೀಸು ಇದ್ದದ್ದರಿಂದಲೇ ಅವರ ಓಟಕ್ಕೆ ಆ ಆಕಾರ ಬಂತು. ಮಧ್ಯಾಹ್ನದ ಡ್ಯೂಟಿ ಇದ್ದದ್ದರಿಂದ ಬೆಳಿಗ್ಗೆ ಉದ್ದಕ್ಕೆ ಓಡಲು ಆಯಿತು. ಸಂಜೆ ಎರಡನೇ ಓಟಕ್ಕೆ ಹೊತ್ತು ಇಲ್ಲದ್ದರಿಂದ ಕಾಲಿಗೆ ವಿಶ್ರಾಂತಿ ಸಿಕ್ಕಿತು. ಹೈಸ್ಕೂಲಿನಲ್ಲಿ ಸದಾ ಗಾಯಾಳು ಆಗಿದ್ದ ಮನುಷ್ಯ, ವರ್ಷಕ್ಕೆ ಹತ್ತು ಹನ್ನೆರಡು ಮ್ಯಾರಥಾನ್ ಓಡಿಯೂ ಉಳಿದುಕೊಂಡದ್ದು ಹೀಗೆ.

ಹೆಸರು ಕೇಳಿಬಂದಿದ್ದು ಟೋಕಿಯೊ ಮ್ಯಾರಥಾನ್‌ನಲ್ಲಿ. 2010ರಲ್ಲಿ ಚಳಿಮಳೆ ಸುರಿಯುತ್ತಿದ್ದ ದಿನ 2:12:36 ಓಡಿ ನಾಲ್ಕನೆಯವರಾದರು. ಮರುವರ್ಷ ಫೆಬ್ರವರಿಯಲ್ಲಿ ಮೂರನೇ ಸ್ಥಾನ, 2:08:37. ಕಂಪನಿ ತಂಡಗಳ ಜಪಾನಿ ಓಟಗಾರರೆಲ್ಲ ಹಿಂದೆ. ಗೆರೆ ದಾಟುತ್ತಲೇ ಕುಸಿದು ಬಿದ್ದರು. ಆ ಓಟದಿಂದ ದಕ್ಷಿಣ ಕೊರಿಯಾದ ದೇಗುವಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ಗೆ ಆಯ್ಕೆಯಾದರು. ಎಲ್ಲರ ಬಾಯಲ್ಲೂ ಶಾಲೆಯ ಆಫೀಸಿನ ಓಟಗಾರನ ಮಾತು.

2012ರಲ್ಲಿ ಲಂಡನ್ ಒಲಿಂಪಿಕ್ಸ್ ಆಯ್ಕೆಗೆ ಅದೇ ಟೋಕಿಯೊ ಓಡಿದರು. 14ನೇ ಸ್ಥಾನ, 2:12:51. ಆಯ್ಕೆಯ ಆಸೆ ಹೋಯಿತು. ನಿರೀಕ್ಷೆ ಇಟ್ಟವರಿಗೆ ನಿರಾಸೆ ಮಾಡಿದೆ ಅಂತ ತಲೆ ಬೋಳಿಸಿಕೊಂಡರು. ಜಪಾನಿನಲ್ಲಿ ಕ್ಷಮೆ ಕೇಳುವ ಒಂದು ರೀತಿ ಅದು. ನನಗೆ ಆ ಫೋಟೋ ನೋಡಿ ಬೇಸರವಾಗಿತ್ತು. ಯಾರ ದುಡ್ಡಿನಲ್ಲೂ ಓಡದ ಮನುಷ್ಯ ಯಾರಿಗೆ ಕ್ಷಮೆ ಕೇಳಬೇಕಿತ್ತು? ಸ್ವಂತ ಸಂಬಳ, ಸ್ವಂತ ರಜೆ, ಸ್ವಂತ ಕಾಲು.

2013 ಅವರ ವರ್ಷ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಜನವರಿಯಲ್ಲಿ ಈಜಿಪ್ಟಿನ ಲಕ್ಸರ್‌ನಲ್ಲಿ ಮ್ಯಾರಥಾನ್ ಇತ್ತು. ವಿಮಾನ ನಿಲ್ದಾಣಕ್ಕೆ ಹೋದ ಮೇಲೆ ಗೊತ್ತಾಯಿತು, ಪಾಸ್‌ಪೋರ್ಟ್ ಮನೆಯಲ್ಲೇ ಉಳಿದಿದೆ. ವಿಮಾನ ಹೋಯಿತು. ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರು. ಇವರು ಕೈಯಿಂದ ದುಬಾರಿ ದುಡ್ಡು ಕೊಟ್ಟು ಇನ್ನೊಂದು ಟಿಕೆಟ್ ತೆಗೆದು ಹೋದರು. 2:12:24 ಓಡಿ, ಅಲ್ಲಿಯ ದಾಖಲೆಯೊಂದಿಗೆ ಗೆದ್ದರು. ಫೆಬ್ರವರಿ 3ರಂದು ಬೆಪ್ಪು–ಒಯಿತಾ ಮ್ಯಾರಥಾನ್. ಅಲ್ಲಿ ಎದುರಾಳಿ ಕೆಂತಾರೊ ನಕಮೊಟೊ. ಲಂಡನ್ ಒಲಿಂಪಿಕ್ಸ್‌ನಲ್ಲಿ ಆರನೆಯವರಾದವರು, ಕಂಪನಿ ತಂಡದ ಓಟಗಾರ. ಇಬ್ಬರೂ ಬಹಳ ದೂರ ಅಕ್ಕಪಕ್ಕದಲ್ಲೇ ಓಡಿದರು. ಕೊನೆಗೆ ಕವಾವುಚಿ 2:08:15ರಲ್ಲಿ ಗೆದ್ದರು. ಅದೂ ಅಲ್ಲಿಯ ದಾಖಲೆ. ನಕಮೊಟೊ 20 ಸೆಕೆಂಡು ಹಿಂದೆ. ಮಾರ್ಚ್ 17ರಂದು ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಲ್ಲಿ 2:08:14, ನಾಲ್ಕನೇ ಸ್ಥಾನ. ಆರು ವಾರದಲ್ಲಿ ಎರಡು ಸಲ 2:09ರ ಒಳಗೆ.

2:08:14 ಅಂದರೆ ಕಿಲೋಮೀಟರಿಗೆ ಸುಮಾರು 3 ನಿಮಿಷ 2 ಸೆಕೆಂಡು. ಆ ವೇಗದಲ್ಲಿ ಒಂದು ಕಿಲೋಮೀಟರ್ ಓಡಲು ನಮ್ಮ ಜಿಲ್ಲಾ ಮಟ್ಟದ ಹುಡುಗರು ಹೆಣಗಾಡುತ್ತಾರೆ. ಇವರು ಅದನ್ನೇ ನಲವತ್ತೆರಡು ಸಲ ಓಡಿ, ಮತ್ತೆ ಆಫೀಸಿಗೆ ಹೋಗುತ್ತಿದ್ದರು.

ಆ ವರ್ಷದ ಡಿಸೆಂಬರ್ ಇನ್ನೂ ಚೆನ್ನ. ಡಿಸೆಂಬರ್ 1ರಂದು ಫುಕುವೊಕಾದಲ್ಲಿ 2:09:05. ಎರಡು ವಾರ ಬಿಟ್ಟು ಹೋಫು ಎಂಬ ಸಣ್ಣ ಊರಿನಲ್ಲಿ 2:09:15. ಮ್ಯಾರಥಾನ್ ಆದ ಮೇಲೆ ಒಂದು ತಿಂಗಳು ಜೋರಾಗಿ ಓಡಬೇಡಿ ಅಂತ ಪುಸ್ತಕಗಳು ಹೇಳುತ್ತವೆ. ನನಗಂತೂ ಆ ಬುದ್ಧಿಮಾತು ಸರಿ, ನೀವೂ ಅದನ್ನೇ ಪಾಲಿಸಿ. ಆದರೆ ಎರಡು ವಾರದ ಅಂತರದಲ್ಲಿ ಎರಡು ಸಲ 2:10ರ ಒಳಗೆ ಓಡುವ ದೇಹವೂ ಇರುತ್ತದೆ ಅಂತ ತೋರಿಸಿದ್ದು ಇವರೇ.

ಊಟದ ವಿಷಯ ಕೇಳುವವರಿಗೆ ಒಂದು ಮಾತು. ರೇಸಿನ ಹಿಂದಿನ ರಾತ್ರಿ ಅವರು ತಿನ್ನುತ್ತಿದ್ದುದು ಮಸಾಲೆ ಸಾರಿನಂಥ 'ಕರಿ' ಹಾಕಿದ ಅನ್ನ. ತಟ್ಟೆ ತುಂಬ. ವಿಶೇಷ ಪುಡಿ, ಜೆಲ್ಲುಗಳ ಭಕ್ತಿ ಇಲ್ಲ. ನಮ್ಮ ಮನೆಯಲ್ಲಿ ನಾನು ಓಟದ ಹಿಂದಿನ ದಿನ ಅನ್ನ ಹುಳಿ ಉಂಡರೆ "ಪಾಸ್ತಾ ಗೀಸ್ತಾ ತಿನ್ಬೇಕಂತಲ್ವಾ?" ಅಂತ ಕೇಳುವ ತಂಗಿಗೆ ನಾನು ಕೊಡುವ ಉತ್ತರ ಕವಾವುಚಿಯೇ.

ಜಪಾನಿನ ಬನಿಯನ್ ತೊಟ್ಟು ಓಡಿದ ರೇಸುಗಳು ಮಾತ್ರ ಅವರಿಗೆ ಅಷ್ಟು ಒಲಿಯಲಿಲ್ಲ. ದೇಗು 2011ರಲ್ಲಿ 18ನೇ ಸ್ಥಾನ. ಮಾಸ್ಕೋ 2013ರಲ್ಲಿ ಮತ್ತೆ 18. ಎರಡೂ ಬೇಸಿಗೆಯ ಸೆಕೆಯಲ್ಲಿ. ಅವರ ದೇಹಕ್ಕೆ ಸೆಕೆ ಆಗಿಬರುವುದೇ ಇಲ್ಲ. 2014ರ ಇಂಚೊನ್ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಸಿಕ್ಕಿತು. ಬಹ್ರೇನಿನ ಹಸನ್ ಮಹಬೂಬ್ 2:12:38, ಜಪಾನಿನವರೇ ಆದ ಮತ್ಸುಮುರ 2:12:39, ಕವಾವುಚಿ 2:12:42. ನಾಲ್ಕು ಸೆಕೆಂಡಿನಲ್ಲಿ ಚಿನ್ನ ತಪ್ಪಿತು.

2017ರ ಲಂಡನ್ ವಿಶ್ವ ಚಾಂಪಿಯನ್‌ಷಿಪ್ ಬಗ್ಗೆ ಜನ ಜಾಸ್ತಿ ಮಾತಾಡುವುದಿಲ್ಲ. ನನಗೆ ಅದು ಅವರ ದೊಡ್ಡ ಓಟಗಳಲ್ಲಿ ಒಂದು. ದೇಶದ ಪರ ಇದೇ ಕೊನೆ ಅಂತ ಹೇಳಿಕೊಂಡು ಹೋಗಿದ್ದರು. ಮೊದಲ ಎಂಟರಲ್ಲಿ ಬರಬೇಕು ಅಂತ ಆಸೆ. ಹಿಂದೆ ಬಿದ್ದರು. ಆದರೂ ಕೊನೆಯ ಕಿಲೋಮೀಟರ್‌ಗಳಲ್ಲಿ ಒಬ್ಬೊಬ್ಬರನ್ನೇ ಹಿಡಿಯುತ್ತ ಬಂದರು. 2:12:19, ಒಂಬತ್ತನೇ ಸ್ಥಾನ. ಎಂಟನೆಯವರು ಕೀನ್ಯಾದ ಡೇನಿಯಲ್ ವಾಂಜಿರು, ಆ ವರ್ಷವೇ ಲಂಡನ್ ಮ್ಯಾರಥಾನ್ ಗೆದ್ದವರು. ಮೂರೇ ಸೆಕೆಂಡು ಮುಂದೆ. ಗೆದ್ದವರು ಕೀನ್ಯಾದ ಜೆಫ್ರಿ ಕಿರುಯಿ, 2:08:27. ಈ ಕಿರುಯಿ ಹೆಸರು ನೆನಪಿಡಿ.

ಇಷ್ಟೆಲ್ಲ ಗಂಭೀರ ಓಟಗಳ ನಡುವೆ ತಮ್ಮೂರಿನ ಹಾಫ್ ಮ್ಯಾರಥಾನ್ ಅನ್ನು ಸೂಟು ಬೂಟು ತೊಟ್ಟು ಓಡಿದ್ದೂ ಇದೆ. ಕುಕಿ ಎಂಬ ಊರಿನಲ್ಲಿ, 2016ರಲ್ಲಿ. ಸೂಟು, ಟೈ ಹಾಕಿಕೊಂಡು 1:06:42. ಮುಂದೆ ಪಾಂಡಾ ವೇಷದಲ್ಲೂ ಓಡಿದರು. ನಮ್ಮ ಕಾಲೇಜಿನ ಹುಡುಗರಿಗೆ ಆ ವಿಡಿಯೋ ತೋರಿಸಿದಾಗ ಮೊದಲು ನಕ್ಕರು, ಆಮೇಲೆ ಸಮಯ ಕೇಳಿ ಸುಮ್ಮನಾದರು. ಊರಿನ ಹಬ್ಬಕ್ಕೆ ಊರಿನ ಮಗ ಬಂದು ಎಲ್ಲರನ್ನೂ ಖುಷಿಪಡಿಸುವುದು ಅದು. ಅದರಲ್ಲೂ ಅವರು ಮೈಗಳ್ಳತನ ಮಾಡಲಿಲ್ಲ ಅನ್ನುವುದು ನನಗೆ ಇಷ್ಟ.

2018ರ ಜನವರಿ 1. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮಾರ್ಷ್‌ಫೀಲ್ಡ್ ಎಂಬ ಪುಟ್ಟ ಊರು. ಉಷ್ಣತೆ ಸೊನ್ನೆಗಿಂತ 17 ಡಿಗ್ರಿ ಕೆಳಗೆ. ಮ್ಯಾರಥಾನ್ ಶುರುಮಾಡಿದ್ದೇ ಬೆರಳೆಣಿಕೆಯ ಮಂದಿ. ಮುಗಿಸಿದ್ದು ಕವಾವುಚಿ ಒಬ್ಬರೇ. ಸಮಯ 2:18:59. ಅದು ಅವರು 2:20ರ ಒಳಗೆ ಓಡಿದ 76ನೇ ಮ್ಯಾರಥಾನ್. ಅಮೆರಿಕದ ಡಗ್ ಕರ್ಟಿಸ್ ಹೆಸರಿನಲ್ಲಿದ್ದ ದಾಖಲೆ ಅಲ್ಲಿಗೆ ಮುರಿಯಿತು. ಮುಂದೆ ಓಡುವವರಿಲ್ಲ, ಹಿಂದೆ ಬರುವವರಿಲ್ಲ. ಆ ಚಳಿಯಲ್ಲಿ ಕಿಲೋಮೀಟರಿಗೆ 3 ನಿಮಿಷ 18 ಸೆಕೆಂಡಿನ ಹಾಗೆ ಒಬ್ಬರೇ. ಯಾರಿಗಾಗಿ? ಯಾಕಾಗಿ? ಉತ್ತರ ನಾಲ್ಕು ತಿಂಗಳೊಳಗೆ ಅದೇ ರಾಜ್ಯದಲ್ಲಿ ಸಿಕ್ಕಿತು.

ಏಪ್ರಿಲ್ 16, ಬಾಸ್ಟನ್. ಬಾಸ್ಟನ್ ಮ್ಯಾರಥಾನ್ ಹಾಪ್‌ಕಿಂಟನ್ ಎಂಬ ಹಳ್ಳಿಯಿಂದ ಶುರುವಾಗಿ ನಗರದೊಳಗೆ ಮುಗಿಯುತ್ತದೆ. ಹೆಚ್ಚುಕಡಿಮೆ ಒಂದೇ ದಿಕ್ಕಿನ ದಾರಿ. ಗಾಳಿ ಎದುರಿನಿಂದ ಬಂದರೆ ಉದ್ದಕ್ಕೂ ಎದುರಿನಿಂದಲೇ. ಆವತ್ತು ಹಾಗೇ ಆಯಿತು. ನಾಲ್ಕು ಡಿಗ್ರಿ ಆಸುಪಾಸಿನ ಚಳಿ, ಬಿಡದೆ ಸುರಿಯುವ ಮಳೆ, ಎದುರು ಗಾಳಿ. ಆಫ್ರಿಕಾದ, ಅಮೆರಿಕದ ದೊಡ್ಡ ದೊಡ್ಡ ಓಟಗಾರರು ಒಬ್ಬೊಬ್ಬರಾಗಿ ರೇಸು ಬಿಟ್ಟರು. ಎಷ್ಟೋ ಮಂದಿ ಜಾಕೆಟ್ ಹಾಕಿಕೊಂಡೇ ಓಡಿದರು.

ಕವಾವುಚಿ ಏನು ಮಾಡಿದರು ಗೊತ್ತಾ? ಮೊದಲ ಮೈಲಿಯನ್ನೇ 4 ನಿಮಿಷ 37 ಸೆಕೆಂಡಿನಲ್ಲಿ ಓಡಿ ಎಲ್ಲರನ್ನೂ ಹಿಂದೆ ಹಾಕಿದರು. ಕಿಲೋಮೀಟರಿಗೆ 2 ನಿಮಿಷ 52 ಸೆಕೆಂಡಿನ ಲೆಕ್ಕ. ಅಂಥ ಗಾಳಿಯಲ್ಲಿ ಇದು ಯಾರೂ ಮಾಡುವ ಕೆಲಸವಲ್ಲ. ಆಮೇಲೆ ಗುಂಪು ಹಿಡಿಯಿತು. ಮತ್ತೆ ಮುಂದೆ ಬಂದರು, ಮತ್ತೆ ಹಿಂದೆ ಬಿದ್ದರು. ಸುಮ್ಮನೆ ಒಂದೇ ಗತಿಯಲ್ಲಿ ಓಡಲು ಯಾರಿಗೂ ಬಿಡಲಿಲ್ಲ. ಅರ್ಧ ದಾಟಿದ ಮೇಲೆ ಕಿರುಯಿ ಜೋರಾಗಿ ಮುನ್ನುಗ್ಗಿದರು. ಹಿಂದಿನ ವರ್ಷ ಬಾಸ್ಟನ್ ಗೆದ್ದವರು, ವಿಶ್ವ ಚಾಂಪಿಯನ್. ಅಂತರ ಒಂದು ನಿಮಿಷ ದಾಟಿತು. ರೇಸು ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡರು.

ಆದರೆ ಕಿರುಯಿ ಚಳಿಗೆ ಗಟ್ಟಿಯಾಗುತ್ತಾ ಬಂದರು. ಕೊನೆಯ ಮೈಲಿಗಳಲ್ಲಿ ಅವರ ಕಾಲು ಎದ್ದೇಳುತ್ತಿರಲಿಲ್ಲ. ಕವಾವುಚಿ ಹಿಂದಿನಿಂದ ಬಂದವರು ಅವರನ್ನು ದಾಟಿ ಹೋದರು. 2:15:58. ಕಿರುಯಿ 2:18:23. ಎಂಟು ತಿಂಗಳ ಹಿಂದೆ ಲಂಡನ್‌ನಲ್ಲಿ ತಮಗಿಂತ ನಾಲ್ಕು ನಿಮಿಷದಷ್ಟು ಮುಂದಿದ್ದವರನ್ನು ಈಗ ಎರಡೂ ಕಾಲು ನಿಮಿಷಕ್ಕೂ ಹೆಚ್ಚು ಹಿಂದೆ ಹಾಕಿದ್ದರು. 1987ರಲ್ಲಿ ತೊಶಿಹಿಕೊ ಸೆಕೊ ಗೆದ್ದ ಮೇಲೆ ಜಪಾನಿನ ಗಂಡಸರಿಗೆ ಬಾಸ್ಟನ್‌ನಲ್ಲಿ ಮೊದಲ ಗೆಲುವು. ಕವಾವುಚಿ ಹುಟ್ಟಿದ ವರ್ಷವೇ ಅದು.

1976ರ ನಂತರ ಬಾಸ್ಟನ್‌ನಲ್ಲಿ ಗಂಡಸರ ವಿಭಾಗದ ಅತಿ ನಿಧಾನದ ಗೆಲುವು ಇದು ಅಂತ ಕೆಲವರು ಸಣ್ಣದು ಮಾಡಿ ಮಾತಾಡಿದರು. ಸಮಯ ನೋಡಿ ಈ ಓಟ ಅಳೆಯುವವರು ಆ ಮಳೆಯ ವಿಡಿಯೋ ಒಮ್ಮೆ ನೋಡಬೇಕು. ತಮಗೆ ಇದಕ್ಕಿಂತ ಒಳ್ಳೆಯ ಹವೆ ಸಿಗುತ್ತಿರಲಿಲ್ಲ ಅಂತ ಕವಾವುಚಿ ರೇಸಾದ ಮೇಲೆ ಹೇಳಿದರು. ಅದು ಬಡಾಯಿ ಅಲ್ಲ. 2010ರ ಟೋಕಿಯೊ ಚಳಿಮಳೆ, ಮಾರ್ಷ್‌ಫೀಲ್ಡಿನ ಹೆಪ್ಪುಗಟ್ಟಿದ ರಸ್ತೆ, ಊರೂರಿನ ಸಣ್ಣ ರೇಸುಗಳಲ್ಲಿ ಸಿಕ್ಕ ಎಲ್ಲ ಥರದ ಗಾಳಿ ಮಳೆ. ವರ್ಷಕ್ಕೆ ಎರಡೇ ರೇಸು ಆರಿಸಿ ಓಡುವವರಿಗೆ ಇಷ್ಟು ಬಗೆಯ ಹವೆ ಸಿಗುವುದೇ ಇಲ್ಲ. ಜನ ಹುಚ್ಚು ಅಂದ ಆ ರೇಸುಗಳೇ ಆವತ್ತು ಅವರನ್ನು ಗೆಲ್ಲಿಸಿದ್ದು.

ಅದೇ ರೇಸಿನ ಹೆಂಗಸರ ವಿಭಾಗದ ಬಗ್ಗೆಯೂ ಹೇಳಲೇಬೇಕು. ಗೆದ್ದವರು ಅಮೆರಿಕದ ಡೆಸ್ ಲಿಂಡನ್, 2:39:54. ಎರಡನೆಯವರು ಸಾರಾ ಸೆಲ್ಲರ್ಸ್ ಎಂಬ ನರ್ಸ್. ಆಪರೇಷನ್‌ಗೆ ಅರಿವಳಿಕೆ ಕೊಡುವ ಕೆಲಸ ಅವರದ್ದು. ಪೂರ್ತಿ ನೌಕರಿ ಮಾಡುತ್ತಾ ತಯಾರಿ ಮಾಡಿದವರು. ಒಂದೇ ದಿನ, ಒಂದೇ ಮಳೆಯಲ್ಲಿ, ನೌಕರಿ ಮಾಡುವ ಇಬ್ಬರು ಬಾಸ್ಟನ್‌ನ ಮುಂಚೂಣಿಯಲ್ಲಿ. ನನ್ನಂಥವರಿಗೆ ಆ ದಿನ ಎಷ್ಟು ದೊಡ್ಡದು ಅಂತ ಹೇಗೆ ಹೇಳಲಿ.

ಬಹುಮಾನ ಒಂದೂವರೆ ಲಕ್ಷ ಡಾಲರ್. ಊರಿಗೆ ವಾಪಸ್ ಹೋಗಿ ಕವಾವುಚಿ ಮತ್ತೆ ಆಫೀಸಿನ ಕೆಲಸಕ್ಕೆ ಹಾಜರಾದರು. ಆದರೆ ಜಪಾನಿನಲ್ಲಿ ಇಳಿದ ಕೂಡಲೇ ಒಂದು ಮಾತು ಹೇಳಿಯೂ ಬಿಟ್ಟಿದ್ದರು: ಮುಂದಿನ ವರ್ಷ ನೌಕರಿ ಬಿಟ್ಟು ಪೂರ್ತಿ ಓಟಗಾರನಾಗುತ್ತೇನೆ. 2019ರ ಏಪ್ರಿಲ್‌ನಲ್ಲಿ ಹಾಗೇ ಮಾಡಿದರು. ಒಂದು ವಿಮಾ ಕಂಪನಿ ಬೆಂಬಲಕ್ಕೆ ನಿಂತಿತು. ಅದೇ ವರ್ಷ ಓಟಗಾರ್ತಿಯೊಬ್ಬರನ್ನು ಮದುವೆಯೂ ಆದರು.

ಇದನ್ನು ಓದಿ ನಮ್ಮ ಆಫೀಸಿನ ಹಿರಿಯರೊಬ್ಬರು "ನೋಡಮ್ಮಾ, ಕೊನೆಗೂ ಕೆಲಸ ಬಿಟ್ರಲ್ಲ, ಅಂದ್ರೆ ಎರಡೂ ಆಗಲ್ಲ ಅಂತ ತಾನೇ?" ಅಂದರು. ನಾನು ಬಹಳ ಯೋಚಿಸಿದೆ. ಹಾಗಲ್ಲ. ಹತ್ತು ವರ್ಷ ಎರಡೂ ಆಯಿತು. ಸೋಲ್‌ನ 2:08:14ಕ್ಕಿಂತ ವೇಗವಾಗಿ ಓಡಲು ಐದು ವರ್ಷ ಕಳೆದರೂ ಆಗಿರಲಿಲ್ಲ. ಮೂವತ್ತು ದಾಟಿತ್ತು. ಇನ್ನೊಂದು ದಾರಿಯಲ್ಲಿ ಹೋಗಿ ನೋಡೋಣ ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ. ಅಲ್ಲದೆ, ಮುಚ್ಚಿದ ಬಾಗಿಲಿನ ಕಂಪನಿ ತಂಡಕ್ಕೆ ಅವರು ಆಗಲೂ ಸೇರಲಿಲ್ಲ. ತಮ್ಮ ದಾರಿ ತಾವೇ ಮಾಡಿಕೊಂಡರು.

ಶುರುವಿನಲ್ಲಿ ಫಲ ಕಾಣಲಿಲ್ಲ. 2019ರ ಬಾಸ್ಟನ್‌ನಲ್ಲಿ 17ನೇ ಸ್ಥಾನ. ಮತ್ತೆ ದೇಶದ ಪರ ಓಡಲು ಒಪ್ಪಿಕೊಂಡು ವಿಶ್ವ ಚಾಂಪಿಯನ್‌ಷಿಪ್‌ಗೆ ದೋಹಾಕ್ಕೆ ಹೋದರು. ಸೆಕೆ ಎಂದು ನಡುರಾತ್ರಿ ಶುರುಮಾಡಿದ ರೇಸು ಅದು. ಅಲ್ಲಿ 29. ಸೆಕೆ ಮತ್ತೆ ಸೋಲಿಸಿತು. ನೌಕರಿ ಬಿಟ್ಟ ಮೇಲೆ ಕವಾವುಚಿ ಮುಗಿದರು ಅಂತ ಬರೆದವರೂ ಇದ್ದರು.

2020ರ ಡಿಸೆಂಬರ್‌ನಲ್ಲಿ ಅದೇ ಹೋಫುವಿನಲ್ಲಿ 2:10:26. ಅದು ಅವರ ನೂರನೇ 2:20 ಒಳಗಿನ ಮ್ಯಾರಥಾನ್. ನೂರು! 2:20 ಅನ್ನುವುದನ್ನು ಜೀವನದಲ್ಲಿ ಒಂದು ಸಲ ಮುಟ್ಟಲು ನಮ್ಮ ದೇಶದಲ್ಲಿ ಎಷ್ಟು ಮಂದಿ ಒದ್ದಾಡುತ್ತಾರೆ. ಈ ನೂರನ್ನು ದಾಟುವವರು ಇನ್ನು ಯಾವಾಗ ಹುಟ್ಟುತ್ತಾರೋ.

ಅದಾಗಿ ಎರಡು ತಿಂಗಳಿಗೆ, 2021ರ ಫೆಬ್ರವರಿ 28ರಂದು, ಬೀವಾ ಸರೋವರದ ಮ್ಯಾರಥಾನ್‌ನಲ್ಲಿ 2:07:27. ಎಂಟು ವರ್ಷದ ನಂತರ ತಮ್ಮ ಅತ್ಯುತ್ತಮ ಸಮಯವನ್ನು 47 ಸೆಕೆಂಡು ಇಳಿಸಿದರು. ಒಂದು ವಾರದೊಳಗೆ 34 ತುಂಬುವುದಿತ್ತು. ಆವತ್ತು ಹವೆ ಚೆನ್ನಾಗಿತ್ತು, ಅಡಿಯಲ್ಲಿ ಕಾರ್ಬನ್ ಪಟ್ಟಿ ಇಟ್ಟು ವೇಗ ಹೆಚ್ಚಿಸುವ ಹೊಸ ಶೂಗಳ ಕಾಲವೂ ಬಂದಿತ್ತು, ಕೆಂಗೊ ಸುಜುಕಿ 2:04:56ರ ಜಪಾನ್ ದಾಖಲೆ ಮಾಡಿದ್ದು ಅದೇ ರೇಸಿನಲ್ಲಿ. ಹಾಗಾಗಿ ಕವಾವುಚಿ ಬಂದಿದ್ದು ಹತ್ತನೆಯವರಾಗಿ. ಈ ಸಮಯವನ್ನು 2013ರ ಸಮಯದ ಪಕ್ಕ ಇಟ್ಟು ಯಾವುದು ಮೇಲು ಅಂತ ತೂಗುವುದು ನ್ಯಾಯವಲ್ಲ. ಆದರೆ ಎಂಟು ವರ್ಷ ಒಂದೇ ಅಂಕಿಯನ್ನು ಮುರಿಯಲು ಆಗದೆಯೂ ಬಿಡದೆ ಓಡುತ್ತಿದ್ದರಲ್ಲ, ಅದು ನನ್ನ ಲೆಕ್ಕದಲ್ಲಿ 47 ಸೆಕೆಂಡಿಗಿಂತ ಜಾಸ್ತಿ.

ಇನ್ನೊಂದು ಓಟ ಹೇಳಿ ನಿಲ್ಲಿಸುತ್ತೇನೆ. 2023ರ ಅಕ್ಟೋಬರ್ 15, ಟೋಕಿಯೊ. ಪ್ಯಾರಿಸ್ ಒಲಿಂಪಿಕ್ಸ್‌ಗೆ ಜಪಾನಿನ ತಂಡ ಆರಿಸುವ ರೇಸು. ಮೊದಲ ಇಬ್ಬರಿಗೆ ಸೀದಾ ಪ್ಯಾರಿಸ್. ಮಳೆ ಧಾರಾಕಾರ. ಕವಾವುಚಿಗೆ ಆಗ 36. ಗುಂಡು ಹಾರಿದ ಕೂಡಲೇ ಒಬ್ಬರೇ ಮುಂದೆ ಹೋದರು. ದೇಶದ ಅತಿ ವೇಗದ ಓಟಗಾರರೆಲ್ಲ ಗುಂಪಾಗಿ ಹಿಂದೆ ಉಳಿದರು. ಹೇಗೂ ಸಿಗುತ್ತಾರೆ ಅಂತ ಅವರ ಲೆಕ್ಕ. ಹತ್ತು ಕಿಲೋಮೀಟರ್ ಆಯಿತು, ಇಪ್ಪತ್ತಾಯಿತು, ಮೂವತ್ತಾಯಿತು. ಇವರು ಒಬ್ಬರೇ, ಮಳೆಯಲ್ಲಿ, ಮುಂದೆ. ನಾನು ಫೋನಿನಲ್ಲಿ ನೋಡುತ್ತಿದ್ದೆ. ಭಾನುವಾರದ ಬೆಳಗಿನ ತಿಂಡಿ ಆವತ್ತು ಎಲ್ಲರಿಗೂ ತಡವಾಯಿತು.

35 ಕಿಲೋಮೀಟರ್ ದಾಟಿದ ಮೇಲೆ ಗುಂಪು ಅವರನ್ನು ಹಿಡಿಯಿತು. ಅಷ್ಟು ದೂರ ಒಬ್ಬರೇ ಗಾಳಿಗೆ ಎದೆಕೊಟ್ಟು ಓಡಿದವರು, ಒಮ್ಮೆ ಸಿಕ್ಕಿಬಿದ್ದ ಮೇಲೆ ಸಾಮಾನ್ಯವಾಗಿ ಕುಸಿಯುತ್ತಾರೆ. ಹಿಂದಕ್ಕೆ ಹಿಂದಕ್ಕೆ ಹೋಗಿಬಿಡುತ್ತಾರೆ. ಇವರು ಹೋಗಲಿಲ್ಲ. ಆ ಗುಂಪಿನ ಜೊತೆಗೇ ಅಂಟಿಕೊಂಡರು, ಕೊನೆಯ ತನಕ ಜಗ್ಗಾಡಿದರು. ನವೊಕಿ ಕೊಯಾಮಾ 2:08:57, ಅಕಿರಾ ಅಕಸಾಕಿ 2:09:06, ಸುಗುರು ಒಸಾಕೊ 2:09:11, ಯೂಕಿ ಕವಾವುಚಿ 2:09:18. ನಾಲ್ಕನೇ ಸ್ಥಾನ. ಒಲಿಂಪಿಕ್ಸ್ ಮತ್ತೆ ತಪ್ಪಿತು, ಎರಡನೇ ಸ್ಥಾನಕ್ಕೂ ಅವರಿಗೂ ನಡುವೆ ಇದ್ದದ್ದು 12 ಸೆಕೆಂಡು. ಆ ವಿಡಿಯೋ ಸಿಕ್ಕರೆ ಕೊನೆಯ ಏಳು ಕಿಲೋಮೀಟರ್ ಮಾತ್ರವಾದರೂ ನೋಡಿ. ಗೆದ್ದವರನ್ನು ಆಮೇಲೆ ನೋಡಬಹುದು, ಮೊದಲು ಇವರ ಮುಖ ನೋಡಿ.